ಕುಡಿದವನು ಗುದ್ದಿದರೆ ಬಾರ್‌ನವನೂ ಹೊಣೆಯಾ?

2024ರ ಮೇ 19, ಭಾನುವಾರ ಬೆಳಗಿನ ಜಾವ. ಪುಣೆಯ ಕಲ್ಯಾಣಿನಗರದಲ್ಲಿ ಒಂದು ಪೋರ್ಷೆ ಕಾರು ಬೈಕಿಗೆ ಗುದ್ದಿತು. ಬೈಕಿನಲ್ಲಿದ್ದ ಇಬ್ಬರು ಐಟಿ ಎಂಜಿನಿಯರುಗಳು ಸತ್ತರು. ಕಾರು ಓಡಿಸುತ್ತಿದ್ದವನಿಗೆ 17 ವರ್ಷ. ಅದಕ್ಕೂ ಮೊದಲು ಗೆಳೆಯರ ಜೊತೆ ಎರಡು ಕಡೆ ಪಾರ್ಟಿ ಆಗಿತ್ತು. ಮೊದಲನೇ ಜಾಗದಲ್ಲೇ 48,000 ರೂಪಾಯಿ ಬಿಲ್ ಆಗಿತ್ತು ಅಂತ ಪುಣೆಯ ಪೊಲೀಸ್ ಕಮಿಷನರ್ ಹೇಳಿದರು. ಜಾಮೀನಿಗೆ 300 ಪದಗಳ ಪ್ರಬಂಧ, ಆಮೇಲೆ ಅದಲುಬದಲಾದ ರಕ್ತದ ಸ್ಯಾಂಪಲ್ಲು, ಇದನ್ನೆಲ್ಲ ದೇಶವೇ ಮಾತಾಡಿಕೊಂಡಿತು. ಆ ಗದ್ದಲದಲ್ಲಿ ಒಂದು ಸಂಗತಿ ಪಕ್ಕಕ್ಕೆ ಸರಿಯಿತು. ಪೊಲೀಸರು ಬಾರ್‌ನವರನ್ನೂ ಹಿಡಿದಿದ್ದರು. ಮಾಲೀಕರು, ಮ್ಯಾನೇಜರು, ಕೆಲಸದವರು. ಎರಡೂ ಜಾಗಕ್ಕೆ ಬೀಗ ಬಿತ್ತು.

ತುಂಬ ಜನ "ಸರಿಯಾಗೇ ಆಯ್ತು" ಅಂದರು. ಆದರೆ ಕೇಸು ಹಾಕಿದ್ದು ಯಾವುದಕ್ಕೆ ನೋಡಿ. ಸಾವಿಗಲ್ಲ, ಮಕ್ಕಳಿಗೆ ಮದ್ಯ ಕೊಟ್ಟಿದ್ದಕ್ಕೆ. ಬಾಲ ನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ ಅದಕ್ಕೆ 7 ವರ್ಷದ ತನಕ ಜೈಲು. ಕಾರಿನಲ್ಲಿದ್ದವನಿಗೆ 17ರ ಬದಲು 30 ವರ್ಷ ಆಗಿದ್ದರೆ? ಅಷ್ಟೇ ಕುಡಿದು, ಅಷ್ಟೇ ಬಿಲ್ ಕಟ್ಟಿ, ಅದೇ ಕಾರು ಹತ್ತಿ, ಅದೇ ಇಬ್ಬರನ್ನು ಕೊಂದಿದ್ದರೆ? ಆಗ ಬಾರ್‌ನವರ ಮೇಲೆ ಈ ಸೆಕ್ಷನ್ ಬರುತ್ತಲೇ ಇರಲಿಲ್ಲ. ನಮ್ಮ ಅಬಕಾರಿ ಕಾನೂನುಗಳ ಕಣ್ಣು ಇರುವುದು ಗಿರಾಕಿಯ ವಯಸ್ಸು, ಬಾಗಿಲು ಹಾಕುವ ಟೈಮು, ಬಾಟಲಿಯ ಲೆಕ್ಕ, ಸುಂಕದ ಮೇಲೆ. ಕುಡಿದವನು ಮನೆಗೆ ಹೇಗೆ ಹೋಗುತ್ತಾನೆ ಅನ್ನೋದು ಅವುಗಳ ತಲೆನೋವಲ್ಲ.

ಅಮೆರಿಕದಲ್ಲಿ ಬಾರ್ ಮೇಲೆ ಪರಿಹಾರದ ದಾವೆ ಬೀಳುವುದು ಮಾಮೂಲು. ಮೊದಲು ಅಲ್ಲೂ ಹಾಗಿರಲಿಲ್ಲ. ಇಂಗ್ಲೆಂಡಿನಿಂದ ಬಂದ ಹಳೇ ಕಾನೂನಿನಲ್ಲಿ ಮಾರಿದವನಿಗೆ ಹೊಣೆಯೇ ಇಲ್ಲ. ಕುಡಿದಿದ್ದು ಅವನಿಷ್ಟ, ಅನಾಹುತ ಆಗಿದ್ದು ಅವನು ಕುಡಿದಿದ್ದರಿಂದ, ಇವನು ಮಾರಿದ್ದರಿಂದಲ್ಲ ಅನ್ನೋ ವಾದ. 1849ರಲ್ಲಿ ವಿಸ್ಕಾನ್ಸಿನ್ ರಾಜ್ಯ ಇದನ್ನು ಮುರಿಯಿತು. ಹೆಂಡ ಮಾರುವವನು ಮೊದಲೇ ಬಾಂಡ್ ಬರೆದುಕೊಡಬೇಕು, ಅವನ ವ್ಯಾಪಾರದಿಂದ ಬೀದಿಗೆ ಬಿದ್ದ ವಿಧವೆಯರು, ಅನಾಥ ಮಕ್ಕಳ ಖರ್ಚು ಅವನದೇ ಅಂದಿತು. ಆಗಿನ್ನೂ ಕಾರೇ ಹುಟ್ಟಿರಲಿಲ್ಲ. ಆ ಕಾನೂನು ನೋಡಿದ್ದು ದುಡಿದಿದ್ದನ್ನೆಲ್ಲ ಕುಡಿದು ಮನೆ ಹಾಳು ಮಾಡಿದ ಗಂಡನನ್ನು. 1933ರಲ್ಲಿ ಪಾನನಿಷೇಧ ಹೋದ ಮೇಲೆ ಎಷ್ಟೋ ರಾಜ್ಯಗಳು ಇಂಥ ಕಾನೂನು ಕೈಬಿಟ್ಟವು. ಮನೆಮನೆಗೆ ಕಾರು ಬಂದ ಮೇಲೆ ಅದು ಮತ್ತೆ ಬೇಕಾಯಿತು. 1959ರಲ್ಲಿ ನ್ಯೂಜೆರ್ಸಿಯ ಸುಪ್ರೀಂ ಕೋರ್ಟು, ಕುಡಿಯುವ ವಯಸ್ಸಾಗದವನಿಗೆ ಕುಡಿಸಿದ ಬಾರ್ ಅವನು ಮಾಡಿದ ಅಪಘಾತಕ್ಕೂ ಉತ್ತರ ಕೊಡಬೇಕಾಗಬಹುದು ಅಂದಿತು. ಈಗ ನಲವತ್ತಕ್ಕೂ ಜಾಸ್ತಿ ರಾಜ್ಯಗಳಲ್ಲಿ ಒಂದಲ್ಲ ಒಂದು ರೂಪದಲ್ಲಿ ಈ ಹೊಣೆ ಇದೆ.

ಎಲ್ಲ ಕಡೆ ಇಲ್ಲ, ಅದೂ ನಿಜ. ಜೂಜು, ಮೋಜಿಗೆ ಹೆಸರಾದ ಲಾಸ್ ವೇಗಸ್ ಇರುವ ನೆವಾಡಾದಲ್ಲಿ ವಯಸ್ಕರಿಗೆ ಕುಡಿಸಿದ್ದಕ್ಕೆ ಹೊಣೆ ಇಲ್ಲ. ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಕ್ಯಾಲಿಫೋರ್ನಿಯಾದ ಕೋರ್ಟು 1971ರಲ್ಲಿ ಹೊಣೆ ಹೊರಿಸಿತು, 1978ರಲ್ಲಿ ಶಾಸನಸಭೆ ಅದನ್ನು ತೆಗೆದು ಹಾಕಿತು. ಈಗ ಅಲ್ಲಿ ಎದ್ದು ಕಾಣುವಷ್ಟು ನಶೆಯಲ್ಲಿರುವ ಅಪ್ರಾಪ್ತರಿಗೆ ಮಾರಿದರೆ ಮಾತ್ರ ದಾವೆ ನಡೆಯುತ್ತದೆ. ಮೇರಿಲ್ಯಾಂಡ್‌ನಲ್ಲಿ ಒಬ್ಬ ಗಂಟೆಗಟ್ಟಲೆ ಬಾರಿನಲ್ಲಿ ಕೂತು ಕುಡಿದು, ಹೋಗಿ ಗುದ್ದಿದ. ಹತ್ತು ವರ್ಷದ ಹುಡುಗಿ ಸತ್ತಳು. ಮನೆಯವರು ಬಾರ್ ಮೇಲೆ ದಾವೆ ಹೂಡಿದರು. 2013ರಲ್ಲಿ ಅಲ್ಲಿನ ಅತ್ಯುನ್ನತ ಕೋರ್ಟಿನ ನಾಲ್ವರು ಜಡ್ಜುಗಳು ಹೊಣೆ ಇಲ್ಲ ಅಂದರು, ಮೂವರು ಇದೆ ಅಂದರು. ಹೀಗೆ 4-3ರಲ್ಲಿ ಮನೆಯವರು ಸೋತರು.

ಹೊಣೆ ಇದೆ ಅಂತಲೇ ಇಟ್ಟುಕೊಳ್ಳೋಣ. ಅದು ಯಾರ ತಲೆಗೆ? ಗ್ಲಾಸು ತುಂಬಿದವನಿಗಾ, ಗಲ್ಲಾಪೆಟ್ಟಿಗೆ ತುಂಬಿಕೊಂಡವನಿಗಾ?

1999ರಲ್ಲಿ ನ್ಯೂಜೆರ್ಸಿಯ ಜಯಂಟ್ಸ್ ಸ್ಟೇಡಿಯಂನಲ್ಲಿ ಫುಟ್‌ಬಾಲ್ ನೋಡಲು ಬಂದವನೊಬ್ಬ ಬಿಯರ್ ಕೌಂಟರಿಗೆ ಹೋದ. ಒಬ್ಬರಿಗೆ ಒಂದು ಸಲಕ್ಕೆ ಎರಡೇ ಬಿಯರ್ ಅನ್ನೋದು ಅಲ್ಲಿನ ರೂಲ್ಸು. ಇವನು ಮಾರುವವನ ಕೈಗೆ ಹತ್ತು ಡಾಲರ್ ಟಿಪ್ಸ್ ಇಟ್ಟು ಆರು ಬಿಯರ್ ತಗೊಂಡ. ಮನೆಗೆ ಹೋಗುವಾಗ ಅವನ ಗಾಡಿ ಇನ್ನೊಂದು ಕಾರಿಗೆ ಗುದ್ದಿ ಎರಡು ವರ್ಷದ ಮಗುವಿಗೆ ಪಾರ್ಶ್ವವಾಯು ಆಯಿತು. ಅವನ ರಕ್ತದಲ್ಲಿ ಅಮೆರಿಕದ ಈಗಿನ ಮಿತಿಗಿಂತ ಮೂರು ಪಟ್ಟು ಆಲ್ಕೋಹಾಲ್ ಇತ್ತು. 2005ರಲ್ಲಿ ಜ್ಯೂರಿ 13.5 ಕೋಟಿ ಡಾಲರ್ ಪರಿಹಾರ ಅಂದಿತು. ಅದು ಬಹುಪಾಲು ಬಿದ್ದದ್ದು ಸ್ಟೇಡಿಯಂನಲ್ಲಿ ಬಿಯರ್ ಮಾರುವ ಗುತ್ತಿಗೆ ಹಿಡಿದಿದ್ದ ಕಂಪನಿ ಮೇಲೆ. ಮೇಲಿನ ಕೋರ್ಟು ಆ ತೀರ್ಪು ರದ್ದು ಮಾಡಿತು. ಕೊನೆಗೆ ಸುಮಾರು 2.5 ಕೋಟಿ ಡಾಲರಿಗೆ ರಾಜಿ ಆಯಿತು. ರೂಲ್ಸು ಮುರಿದದ್ದು ಹತ್ತು ಡಾಲರ್ ಜೇಬಿಗಿಳಿಸಿದವನು, ದುಡ್ಡು ಕೊಟ್ಟಿದ್ದು ಅವನನ್ನು ಅಲ್ಲಿ ನಿಲ್ಲಿಸಿದ ಕಂಪನಿ. ನನಗೆ ಇದು ಸರಿ ಅನ್ನಿಸುತ್ತದೆ. ಟಿಪ್ಸ್ ನಂಬಿ ಬದುಕುವವನನ್ನು ಮಾರಲು ನಿಲ್ಲಿಸಿ, ಅವನ ಮೇಲೆ ಕಣ್ಣಿಡದೆ, ಸುಮ್ನೆ ಗೋಡೆಗೆ ರೂಲ್ಸು ಅಂಟಿಸಿದರೆ ಮುಗಿಯಿತಾ?

ಟೆಕ್ಸಸ್ ಇದನ್ನು ತಿರುವುಮುರುವು ಮಾಡಿದೆ. ಅಲ್ಲಿ ಮಾಲೀಕ ತನ್ನ ಕೆಲಸದವರನ್ನೆಲ್ಲ ಸರ್ಕಾರ ಒಪ್ಪಿದ ತರಬೇತಿಗೆ ಕಳಿಸಿದ್ದರೆ, ಜಾಸ್ತಿ ಕುಡಿಸಿ ಅಂತ ತಾನು ಕುಮ್ಮಕ್ಕು ಕೊಟ್ಟಿಲ್ಲದಿದ್ದರೆ, ಕೆಲಸದವನು ಮಾಡಿದ ತಪ್ಪು ಮಾಲೀಕನಿಗೆ ತಟ್ಟುವುದಿಲ್ಲ. ಕೆಲಸದವನಿಗೆ ಮಾತ್ರ ತಟ್ಟುತ್ತದೆ. ನಶೆಯಲ್ಲಿರುವವನಿಗೆ ಮಾರಿದರೆ 500 ಡಾಲರ್ ತನಕ ದಂಡ, ಒಂದು ವರ್ಷದ ತನಕ ಜೈಲು. ಬಾರ್‌ಟೆಂಡರುಗಳು ಅರೆಸ್ಟ್ ಆದದ್ದೂ ಇದೆ. ತರಬೇತಿ ಒಳ್ಳೆಯದೇ. ಆದರೆ ಕೆಲಸದವನ ಸರ್ಟಿಫಿಕೇಟು ಮಾಲೀಕನಿಗೆ ಗುರಾಣಿ ಆಗುತ್ತಿದೆ.

ನಮ್ಮಲ್ಲಿ ಇದನ್ನು ಯೋಚಿಸುವಾಗ 'ಬಾರ್‌ಟೆಂಡರ್' ಅನ್ನೋ ಚಿತ್ರವನ್ನೇ ಬಿಡಬೇಕು. ಕೌಂಟರ್ ಹಿಂದೆ ನಿಂತು ಗಿರಾಕಿ ಮುಖ ನೋಡುತ್ತ ಗ್ಲಾಸು ತುಂಬುವವನು ಬೆಂಗಳೂರಿನ ಪಬ್ಬುಗಳಲ್ಲಿ ಸಿಗಬಹುದು. ಊರ ಬಾರ್ ಅಂಡ್ ರೆಸ್ಟೋರೆಂಟಿನಲ್ಲಿ ಇರುವುದು ಸಪ್ಲೈಯರ್. ಒಬ್ಬನಿಗೆ ಆರೇಳು ಟೇಬಲ್ಲು. ಒಂದು ಟೇಬಲ್ಲಿಗೆ ಕಬಾಬ್, ಇನ್ನೊಂದಕ್ಕೆ ಸೋಡಾ, ಮತ್ತೊಂದರಿಂದ "ಗುರು, ಇನ್ನೊಂದು ನೈಂಟಿ" ಅನ್ನೋ ಕೂಗು. "ಸಾರ್, ರಿಪೀಟಾ?" ಅಂತ ಕೇಳುವುದೇ ಅವನ ಕೆಲಸ. "ಸಾರ್, ಸಾಕು, ಇನ್ನು ಕೊಡಲ್ಲ" ಅಂತ ಹೇಳಿ ನೋಡಲಿ. ಗಿರಾಕಿ ಕ್ಯಾಷಿಯರ್ ಹತ್ತಿರ ಹೋಗುತ್ತಾನೆ, ಕ್ಯಾಷಿಯರ್ ಸಪ್ಲೈಯರಿಗೇ ಗದರುತ್ತಾನೆ, ಟಿಪ್ಸೂ ಹೋಯಿತು. ಒಂದು ತಗೊಂಡರೆ ಇನ್ನೊಂದು ಫ್ರೀ ಅನ್ನೋ ಬೋರ್ಡು ಹಾಕುವವನು ಅವನಲ್ಲ. ಹೊಸ ವರ್ಷದ ರಾತ್ರಿ ಟಿಕೆಟ್ ಮಾರಿ ಎಷ್ಟು ಬೇಕಾದರೂ ಕುಡಿಯಿರಿ ಅನ್ನುವವನೂ ಅವನಲ್ಲ. ಅವನನ್ನು ಜೈಲಿಗೆ ಕಳಿಸುವ ಕಾನೂನು ಬಂದರೆ ಮಾಲೀಕರು ಆರಾಮಾಗಿ ನಿದ್ದೆ ಮಾಡುತ್ತಾರೆ.

ಸರ್ಕಾರವೂ ಇಲ್ಲಿ ದೂರ ನಿಂತ ಅಂಪೈರ್ ಅಲ್ಲ. ಕರ್ನಾಟಕದಲ್ಲಿ ಮದ್ಯದ ಸಗಟು ವ್ಯಾಪಾರ 2003ರಿಂದ ಸರ್ಕಾರದ್ದೇ ಪಾನೀಯ ನಿಗಮದ ಕೈಯಲ್ಲಿದೆ. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ಬರಬೇಕಾದದ್ದು 40,000 ಕೋಟಿ ರೂಪಾಯಿ ಅಂತ ಬರೆದಿಟ್ಟರು. ಇಷ್ಟು ಮಾರಲೇಬೇಕು ಅಂತ ಗುರಿ ಇಡುವವರು ಕಮ್ಮಿ ಕುಡಿಸು ಅಂತ ಬಾರ್‌ಗೆ ಹೇಳುವಾಗ ದನಿ ಸ್ವಲ್ಪ ತಗ್ಗುವುದು ಸಹಜ.

ಪರಿಹಾರದ ದುಡ್ಡಿನ ವಿಷಯದಲ್ಲಿ ಅಮೆರಿಕಕ್ಕೂ ನಮಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಅಲ್ಲಿ ವಾಹನ ವಿಮೆಯ ಕನಿಷ್ಠ ಮೊತ್ತ ತೀರಾ ಚಿಕ್ಕದು. ಟೆಕ್ಸಸ್‌ನಲ್ಲಿ ಗಾಯಗೊಂಡ ಒಬ್ಬರಿಗೆ 30,000 ಡಾಲರ್. ಅಲ್ಲಿನ ಆಸ್ಪತ್ರೆ ಬಿಲ್ಲಿಗೆ ಅದು ಎಲ್ಲಿ ಸಾಲುತ್ತದೆ? ಗುದ್ದಿದವನ ಹತ್ತಿರ ಆಸ್ತಿ ಇರುವುದಿಲ್ಲ, ಬಾರ್ ಹತ್ತಿರ ವಿಮೆ ಇರುತ್ತದೆ. ವಕೀಲರು ಬಾರ್ ಬಾಗಿಲು ತಟ್ಟುವುದು ಅದಕ್ಕೇ. ದಕ್ಷಿಣ ಕರೊಲಿನಾದಲ್ಲಿ ಇದು ಅತಿಗೆ ಹೋಯಿತು. ಸಂಜೆ ಐದರ ಮೇಲೆ ಮದ್ಯ ಕೊಡುವ ಜಾಗಗಳು 10 ಲಕ್ಷ ಡಾಲರಿನ ವಿಮೆ ಮಾಡಿಸಲೇಬೇಕು ಅಂತ 2017ರಲ್ಲಿ ಕಾನೂನು ಬಂತು. ಅದರ ಜೊತೆಗೆ, ಬಾರ್‌ನದು ಚೂರೇ ಚೂರು ತಪ್ಪಿದ್ದರೂ ಪೂರ್ತಿ ಪರಿಹಾರ ಅದರಿಂದಲೇ ವಸೂಲಿ ಮಾಡುವ ದಾರಿ ಇತ್ತು. ವಿಮಾ ಕಂಪನಿಗಳು ಕಾಲು ಕಿತ್ತವು, ಪ್ರೀಮಿಯಂ ಗಗನಕ್ಕೇರಿತು, ಸಣ್ಣ ಬಾರ್‌ಗಳು ಮುಚ್ಚಿದವು. 2025ರಲ್ಲಿ ಕಾನೂನು ಸಡಿಲಿಸಬೇಕಾಯಿತು.

ನಮ್ಮಲ್ಲಿ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಸಾವು, ಗಾಯಕ್ಕೆ ವಿಮಾ ಕಂಪನಿ ಕೊಡಬೇಕಾದ ಪರಿಹಾರಕ್ಕೆ ಮೇಲ್ಮಿತಿ ಇಲ್ಲ. ಓಡಿಸಿದವನು ಕುಡಿದಿದ್ದ ಅಂತ ಕಂಪನಿ ಕೈತೊಳೆದುಕೊಳ್ಳಲು ಹೋದರೆ, ಮೊದಲು ಸತ್ತವರ ಮನೆಯವರಿಗೆ ಕೊಡಿ, ಆಮೇಲೆ ಬೇಕಾದರೆ ಅವನಿಂದ ವಸೂಲಿ ಮಾಡಿಕೊಳ್ಳಿ ಅಂತ ಕೋರ್ಟುಗಳು ಹೇಳಿವೆ. ವಿಮೆಯೇ ಇಲ್ಲದ ಬೈಕುಗಳು ರಸ್ತೆ ತುಂಬ ಇವೆ, ಟ್ರಿಬ್ಯುನಲ್ಲಿನಲ್ಲಿ ವರ್ಷಗಟ್ಟಲೆ ಅಲೆಯಬೇಕು, ಅದೆಲ್ಲ ಸರಿ. ಆದರೂ ಪರಿಹಾರಕ್ಕೆ ಬಾರ್‌ನವನ ಜೇಬೇ ಗತಿ ಅನ್ನೋ ಸ್ಥಿತಿ ಇಲ್ಲ. ಅಲ್ಲಿನ ಕಾನೂನನ್ನು ಎತ್ತಿ ಇಲ್ಲಿ ನೆಟ್ಟರೆ ಅರ್ಧ ಕಾರಣ ಅಲ್ಲೇ ಉಳಿಯುತ್ತದೆ. ಉಳಿದ ಅರ್ಧ ಅಪಘಾತ ಆಗದ ಹಾಗೆ ನೋಡಿಕೊಳ್ಳುವುದು. ಅದಕ್ಕೆ ಅಲ್ಲಿ ಸ್ವಲ್ಪ ಆಧಾರ ಇದೆ. ಅಮೆರಿಕದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ತಜ್ಞರು, ಬಾರ್‌ಗೆ ಹೊಣೆ ಇರುವ ಕಡೆ ಕುಡಿತದ ಅಪಘಾತದ ಸಾವು ಸುಮಾರು ಶೇ. 6ರಷ್ಟು ಕಮ್ಮಿ ಅಂತ ಕಂಡುಕೊಂಡರು. ತಳ್ಳಿಹಾಕುವ ಲೆಕ್ಕ ಅಲ್ಲ.

ತೊಡಕು ಬರುವುದು ಬಾರ್‌ನವನ ಕಣ್ಣಿಗೆ ಏನು ಕಾಣುತ್ತದೆ ಅನ್ನೋದರಲ್ಲಿ. ಅಮೆರಿಕದ ಬಹಳಷ್ಟು ಕಾನೂನುಗಳು 'ಎದ್ದು ಕಾಣುವಷ್ಟು ನಶೆ' ಇದ್ದವನಿಗೆ ಮತ್ತೆ ಕೊಟ್ಟರೆ ತಪ್ಪು ಅನ್ನುತ್ತವೆ. ಮಾತು ತೊದಲುವುದು, ಕುರ್ಚಿಯಿಂದ ಏಳಲಾಗದಿರುವುದು ಇತ್ಯಾದಿ. ಅಲ್ಲಿ ಬಹುತೇಕ ಎಲ್ಲ ರಾಜ್ಯಗಳಲ್ಲಿ ಗಾಡಿ ಓಡಿಸುವವರಿಗೆ ಮಿತಿ 100 ಮಿಲಿಲೀಟರ್ ರಕ್ತಕ್ಕೆ 80 ಮಿಲಿಗ್ರಾಂ. ನಮ್ಮ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ನಿನಲ್ಲಿ 30. ಒಂದು ಲೆಕ್ಕ ಹಾಕಿ ನೋಡೋಣ. ನಮ್ಮ ವಿಸ್ಕಿ, ಬ್ರಾಂದಿಯಲ್ಲಿ ಆಲ್ಕೋಹಾಲ್ ಶೇ. 42.8. ಒಂದು ಅರವತ್ತರ ಪೆಗ್ಗಿನಲ್ಲಿ 20 ಗ್ರಾಂ ಶುದ್ಧ ಆಲ್ಕೋಹಾಲ್. 70 ಕೆಜಿ ತೂಕದ ಗಂಡಸು ಅದನ್ನು ಖಾಲಿ ಹೊಟ್ಟೆಯಲ್ಲಿ ಬೇಗ ಮುಗಿಸಿದರೆ ರಕ್ತದಲ್ಲಿ ಹತ್ತಿರಹತ್ತಿರ 40 ಮಿಲಿಗ್ರಾಂ. ಅಂದರೆ ಒಂದೇ ಪೆಗ್ಗಿಗೆ ಕೇಸು. ಕ್ವಾರ್ಟರ್, ಅಂದರೆ 180 ಮಿಲಿ, ಮುಗಿಸಿದವನು ನೂರು ದಾಟುತ್ತಾನೆ. ದೇಹ ಅದನ್ನು ಕರಗಿಸುವುದು ಗಂಟೆಗೆ 15ರಷ್ಟು ಮಾತ್ರ, ಅವನು ಮಿತಿಯೊಳಗೆ ಬರುವ ಹೊತ್ತಿಗೆ ಬೆಳಗಾಗಿರುತ್ತದೆ.

40 ಮಿಲಿಗ್ರಾಂ ಇರುವವನು ಹೇಗೆ ಕಾಣುತ್ತಾನೆ? ನಮ್ಮ ನಿಮ್ಮ ಹಾಗೇ. ಸ್ವಲ್ಪ ಮಾತು ಜಾಸ್ತಿ, ಅಷ್ಟೇ. ದಿನಾ ಕುಡಿದು ಒಗ್ಗಿದವನು ನೂರರಲ್ಲೂ ನೆಟ್ಟಗೆ ನಡೆದು ಬಿಲ್ಲಿನ ತಪ್ಪು ಹುಡುಕುತ್ತಾನೆ. ಹೊರಡುವ ಮುಂಚೆ ಗಟಗಟ ಹಾಕಿದ ಕೊನೆಯ ಪೆಗ್ಗು ಪೂರ್ತಿ ಏರುವುದು ಅರ್ಧ ಮುಕ್ಕಾಲು ಗಂಟೆ ಆದಮೇಲೆ, ಸ್ಟೀರಿಂಗ್ ಹಿಂದೆ. ಕಾನೂನು ಹಿಡಿಯುವುದು 30ಕ್ಕೆ, ಕಣ್ಣು ಹಿಡಿಯುವುದು ಅದಕ್ಕಿಂತ ಎಷ್ಟೋ ಮೇಲೆ. ಈ ನಡುವಿನ ಜಾಗದಲ್ಲಿ ಸಪ್ಲೈಯರ್ ಏನು ಮಾಡಬೇಕು? ಗಾಡಿ ತಂದಿದ್ದೀರಾ ಸಾರ್ ಅಂತ ಪ್ರತಿ ಟೇಬಲ್ಲಿಗೆ ಕೇಳಬೇಕಾ?

ಜಪಾನಿನಲ್ಲಿ ಕೇಳುತ್ತಾರೆ. 2006ರಲ್ಲಿ ಫುಕುವೋಕದ ಸೇತುವೆಯೊಂದರ ಮೇಲೆ ಕುಡಿದವನೊಬ್ಬ ಒಂದು ಸಂಸಾರವಿದ್ದ ಕಾರಿಗೆ ಗುದ್ದಿ, ಕಾರು ಸಮುದ್ರಕ್ಕೆ ಬಿದ್ದು ಮೂರು ಮಕ್ಕಳು ಸತ್ತವು. ಮರುವರ್ಷ ಕಾನೂನು ಬಿಗಿಯಾಯಿತು. ಗಾಡಿ ಓಡಿಸುತ್ತಾನೆ ಅಂತ ಗೊತ್ತಿದ್ದೂ ಮದ್ಯ ಕೊಟ್ಟವನಿಗೆ ಮೂರು ವರ್ಷದ ತನಕ ಜೈಲು ಇಲ್ಲವೇ ಐದು ಲಕ್ಷ ಯೆನ್ ದಂಡ. ಕುಡಿದವನ ಕೈಗೆ ಗಾಡಿ ಕೊಟ್ಟವನಿಗೆ ಇನ್ನೂ ಜಾಸ್ತಿ, ಐದು ವರ್ಷ ಇಲ್ಲವೇ ಹತ್ತು ಲಕ್ಷ ಯೆನ್. ಆ ತಾರತಮ್ಯ ಗಮನಿಸಿ. ಕುಡಿಸಿದ್ದಕ್ಕಿಂತ ಗಾಡಿ ಕೊಟ್ಟದ್ದು ದೊಡ್ಡ ತಪ್ಪು ಅಂತ ಅವರು ತೀರ್ಮಾನಿಸಿದರು. ಅಲ್ಲಿ ಕುಡಿದವರ ಕಾರನ್ನು ಅವರ ಜೊತೆಗೇ ಮನೆ ಮುಟ್ಟಿಸುವ ಬಾಡಿಗೆ ಡ್ರೈವರುಗಳ ವ್ಯವಸ್ಥೆ ಊರೂರಲ್ಲಿ ಇದೆ. ಬೆಂಗಳೂರಿನಲ್ಲಿ ಪಬ್ಬು ರಾತ್ರಿ ಒಂದರ ತನಕ ತೆರೆದಿರಬಹುದು, ಮೆಟ್ರೋ ಅದಕ್ಕೂ ಮೊದಲೇ ಮಲಗುತ್ತದೆ.

ನನ್ನ ಪ್ರಕಾರ ನಮ್ಮಲ್ಲೂ ಪೆಗ್ಗು ಎಣಿಸುವುದಕ್ಕಿಂತ ಕೀ ಹಿಂದೆ ಹೋಗುವುದು ಮೇಲು. ಆಸ್ಟ್ರೇಲಿಯಾದ ಟಾಸ್ಮೇನಿಯಾ ರಾಜ್ಯದ ಒಂದು ಪ್ರಕರಣ ಇದನ್ನು ಚೆನ್ನಾಗಿ ತೋರಿಸುತ್ತದೆ. 2002ರ ಜನವರಿಯಲ್ಲಿ ಒಬ್ಬ ಕೆಲಸ ಮುಗಿಸಿ ಪಬ್ಬಿಗೆ ಬಂದ. ಹೆಂಡತಿಯ ಮೋಟಾರ್‌ಸೈಕಲ್ ತಂದಿದ್ದ. ದಾರಿಯಲ್ಲಿ ಪೊಲೀಸರು ಚೆಕ್ ಮಾಡುತ್ತಿದ್ದಾರಂತೆ ಅನ್ನೋ ಸುದ್ದಿ ಬಂತು. ಬೈಕನ್ನು ಒಳಗಿನ ಕೋಣೆಯಲ್ಲಿ ಬೀಗ ಹಾಕಿಟ್ಟು, ಕೀ ಪಬ್ಬಿನವನ ಹತ್ತಿರ ಕೊಟ್ಟರು. ಏಳೆಂಟು ಕುಡಿದ ಮೇಲೆ ಪಬ್ಬಿನವನು ಇನ್ನು ಸಾಕು ಅಂದ. ಹೆಂಡತಿಗೆ ಫೋನ್ ಮಾಡಲಾ, ನಂಬರ್ ಕೊಡು ಅಂದ. ಇವನು ಬೈದ. ಕೀ ಕೊಡು ಅಂದ. ಓಡಿಸೋಕೆ ಆಗುತ್ತಾ ಅಂತ ಪಬ್ಬಿನವನು ಮೂರು ಸಲ ಕೇಳಿದ, ಮೂರು ಸಲವೂ ಹೂಂ ಅಂದ. ಕೊನೆಗೆ ಕೀ ಕೊಟ್ಟ. ಮನೆ ಸೇರುವ ಮೊದಲೇ ಬೈಕ್ ಸೇತುವೆಗೆ ಬಡಿದು ಅವನು ಸತ್ತ. ಹೆಂಡತಿ ಪಬ್ಬಿನ ಮೇಲೆ ದಾವೆ ಹೂಡಿದಳು. 2009ರಲ್ಲಿ ಆಸ್ಟ್ರೇಲಿಯಾದ ಹೈಕೋರ್ಟು, ಅದು ಅವರ ಅತ್ಯುನ್ನತ ಕೋರ್ಟು, ಪಬ್ಬಿನವನಿಗೆ ಹೊಣೆ ಇಲ್ಲ ಅಂದಿತು. ವಯಸ್ಸಿಗೆ ಬಂದ ಮನುಷ್ಯ ತಾನು ತಂದ ಗಾಡಿ ಕೇಳಿದ. ಕೊಡಲ್ಲ ಅನ್ನುವ ಹಕ್ಕು ಪಬ್ಬಿನವನಿಗೆ ಎಲ್ಲಿತ್ತು?

ತೀರ್ಪು ಕಠಿಣ ಅನ್ನಿಸಬಹುದು, ಆದರೆ ಅದು ಕೇಳಿದ ಪ್ರಶ್ನೆ ಸರಿಯಾದದ್ದು. ಈಗ ನಮ್ಮ ದೊಡ್ಡ ಪಬ್ಬು, ಹೋಟೆಲುಗಳ ವ್ಯಾಲೆ ಪಾರ್ಕಿಂಗ್ ನೋಡಿ, ಅಂದರೆ ಗಿರಾಕಿಯ ಕಾರನ್ನು ಅವರ ಕಡೆಯವರೇ ಒಯ್ದು ನಿಲ್ಲಿಸುವ ವ್ಯವಸ್ಥೆ. ಗ್ಲಾಸು ಕೊಟ್ಟವನಿಗೆ ಯಾರು ಗಾಡಿ ಓಡಿಸುತ್ತಾರೆ ಅಂತ ಗೊತ್ತಿರುವುದಿಲ್ಲ. ವ್ಯಾಲೆ ಹುಡುಗನಿಗೆ ಗೊತ್ತು. ಅವನೇ ಕಾರು ಬಾಗಿಲ ಮುಂದೆ ತಂದು ನಿಲ್ಲಿಸಿ, ಎಂಜಿನ್ ಆನ್ ಇಟ್ಟು, ಡ್ರೈವರ್ ಸೀಟಿನಿಂದ ಇಳಿದು, ತೂರಾಡುವವನನ್ನು ಅಲ್ಲಿ ಕೂರಿಸಿ ಸಲಾಮು ಹೊಡೆಯುತ್ತಾನೆ. ಕುಡಿಸಿದ ಜಾಗದವರೇ ಕಾರನ್ನೂ ಕೈಗೆ ಕೊಡುತ್ತಿದ್ದಾರೆ. ವಾಹನ ಕಾಯ್ದೆಯ 188ನೇ ಸೆಕ್ಷನ್ ಕುಡಿದು ಓಡಿಸಲು ನೆರವಾದವನಿಗೂ ಓಡಿಸಿದವನಷ್ಟೇ ಶಿಕ್ಷೆ ಅನ್ನುತ್ತದೆ. ಪೆಗ್ಗು ಸುರಿದದ್ದು ಗಾಡಿ ಓಡಿಸಲು ನೆರವು ಅಂತ ಕೋರ್ಟಿನಲ್ಲಿ ಸಾಧಿಸುವುದು ಕಷ್ಟ. ಕೀ ಕೊಟ್ಟದ್ದು ಹಾಗಲ್ಲ.

ಆದರೆ ಕೀ ಕೊಡದಿದ್ದರೆ? ವ್ಯಾಲೆಗೆ ಕಾರು ಕೊಟ್ಟಾಗ ಹೋಟೆಲು ಅದನ್ನು ಜೋಪಾನ ಮಾಡಿ ಕೇಳಿದಾಗ ವಾಪಸ್ ಕೊಡಬೇಕು. ನಮ್ಮ 1872ರ ಕರಾರು ಕಾಯ್ದೆ ಹೇಳುವುದೂ ಅದನ್ನೇ. ದೆಹಲಿಯ ತಾಜ್ ಮಹಲ್ ಹೋಟೆಲಿನ ವ್ಯಾಲೆಗೆ ಕೊಟ್ಟಿದ್ದ ಒಂದು ಮಾರುತಿ ಝೆನ್ 1998ರಲ್ಲಿ ಕಳುವಾಯಿತು. ಪಾರ್ಕಿಂಗ್ ಟೋಕನ್ನಿನ ಹಿಂದೆ ಕಾರು ಮಾಲೀಕರದೇ ಜವಾಬ್ದಾರಿ ಅಂತ ಬರೆದಿತ್ತು. 2019ರಲ್ಲಿ ಸುಪ್ರೀಂ ಕೋರ್ಟು, ಆ ಬರಹ ತೋರಿಸಿ ಹೋಟೆಲು ತನ್ನ ನಿರ್ಲಕ್ಷ್ಯದಿಂದ ತಪ್ಪಿಸಿಕೊಳ್ಳುವ ಹಾಗಿಲ್ಲ ಅಂದಿತು. ಅಂದರೆ ಕಾರು ಕಳ್ಳನ ಕೈಗೆ ಹೋದರೆ ಹೋಟೆಲು ಉತ್ತರ ಕೊಡಬೇಕು. ಕುಡಿದ ಮಾಲೀಕನ ಕೈಗೆ ಹೋದರೆ ಯಾರೂ ಕೇಳುವುದಿಲ್ಲ, ಕೊಡದಿದ್ದರೆ ಜಗಳಕ್ಕೆ ಬರುತ್ತಾರೆ. ಹೊಸ ವರ್ಷದ ಮುಂಚೆ ಹೈದರಾಬಾದ್ ಪೊಲೀಸರು ಕುಡಿದ ಗಿರಾಕಿಗೆ ಡ್ರೈವರೋ ಕ್ಯಾಬೋ ಮಾಡಿಕೊಡಿ ಅಂತ ಪಬ್ಬುಗಳಿಗೆ ಸೂಚನೆ ಕೊಟ್ಟದ್ದಿದೆ. ಗಿರಾಕಿ ಬೇಡ, ಕೀ ಕೊಡು ಅಂದರೆ ಏನು ಮಾಡಬೇಕು ಅನ್ನೋದಕ್ಕೆ ಇದರಲ್ಲಿ ಉತ್ತರ ಇಲ್ಲ.

ಉತ್ತರ ಆ ಟೋಕನ್ನಿನ ಹಿಂದೆಯೇ ಬರೆಯಬಹುದು. ಊದಿ ನೋಡಿ ಮಿತಿ ದಾಟಿದ್ದರೆ ಕೀ ಕೊಡುವುದಿಲ್ಲ, ಡ್ರೈವರ್ ಕರೆಸುತ್ತೇವೆ, ಇಲ್ಲವೇ ಬೆಳಿಗ್ಗೆ ಬಂದು ಒಯ್ಯಿರಿ ಅನ್ನೋ ಷರತ್ತು. ಒಪ್ಪಿದವರು ಕಾರು ಬಿಡಲಿ. ಊದುವ ಮೀಟರು ಪಬ್ಬಿನವರಿಗೆ ದುಬಾರಿ ಏನಲ್ಲ. ಕರ್ನಾಟಕದಲ್ಲಿ ಅಬಕಾರಿ ಲೈಸೆನ್ಸುಗಳ ವರ್ಷ ಜುಲೈ 1ಕ್ಕೆ ಶುರು. ವ್ಯಾಲೆ ಇರುವ ಜಾಗಗಳಿಗೆ ಇದನ್ನು ಲೈಸೆನ್ಸಿನ ಷರತ್ತು ಮಾಡಿ, ಮುರಿದರೆ ಲೈಸೆನ್ಸಿಗೇ ಕೈ ಹಾಕಬೇಕು. ಆಗ ಹೊಣೆ ಮಾಲೀಕನದು. ವ್ಯಾಲೆ ಹುಡುಗ ರೂಲ್ಸು ತೋರಿಸಿ ಇಲ್ಲ ಅನ್ನಬಹುದು.

ಇದರ ಬದಲು ಬಾರ್‌ಗಳನ್ನೇ ಹೆದ್ದಾರಿಯಿಂದ ದೂರ ಇಡುವ ದಾರಿಯನ್ನು ಒಮ್ಮೆ ನೋಡಿ ಆಗಿದೆ. 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದು ಅಂದಿತು. 2017ರ ಜುಲೈ 1ಕ್ಕೆ ಬೆಂಗಳೂರಿನ ಎಂ.ಜಿ. ರಸ್ತೆಯ ಬಾರ್‌ಗಳ ಬಾಗಿಲು ಬಿದ್ದಿತು. ರಾಜ್ಯಗಳು ಊರೊಳಗಿನ ಹೆದ್ದಾರಿಗಳನ್ನೇ ಹೆದ್ದಾರಿ ಅಲ್ಲ ಅಂತ ಮಾಡಹೊರಟವು. ಅದೇ ತಿಂಗಳು ಕೋರ್ಟು, ಊರಿನ ಮಿತಿಯೊಳಗಿನ ಬಾರ್‌ಗಳಿಗೆ ತನ್ನ ಆದೇಶ ಅಡ್ಡಿಯಲ್ಲ ಅಂದಿತು. ಬಾಗಿಲು ಮತ್ತೆ ತೆರೆಯಿತು.

ವ್ಯಾಲೆ ರೂಲ್ಸು ಬಂದರೂ ಮುಟ್ಟುವುದು ಕಾರಿನವರನ್ನು, ಅದರಲ್ಲೂ ದೊಡ್ಡ ಜಾಗಗಳಿಗೆ ಹೋಗುವವರನ್ನು. ತಾಲೂಕು ಕೇಂದ್ರದ ವೈನ್ ಶಾಪಿನ ಮುಂದೆ ನೋಡಿದರೆ ಸಾಲಾಗಿ ನಿಂತಿರುವುದು ಬೈಕುಗಳು. ಸಿಎಲ್-2 ಲೈಸೆನ್ಸಿನ ಆ ಅಂಗಡಿಯಲ್ಲಿ ಕೂತು ಕುಡಿಯುವಂತಿಲ್ಲ, ಹಾಗಾಗಿ ನೈಂಟಿ ಪ್ಯಾಕೆಟ್ಟು, ನೀರಿನ ಪೌಚು ತಗೊಂಡು ಪಕ್ಕದ ಗೋಡೆಗೊರಗಿ ಎರಡು ನಿಮಿಷದಲ್ಲಿ ಮುಗಿಸಿ ಕಿಕ್ ಹೊಡೆಯುತ್ತಾರೆ. ಕೀ ಅವರ ಜೇಬಿನಲ್ಲೇ ಇರುತ್ತದೆ. ಅಲ್ಲಿ ಅಂಗಡಿಯವನನ್ನು ಹೊಣೆ ಮಾಡಿ ಪ್ರಯೋಜನ ಇಲ್ಲ, ಅವನು ಗಿರಾಕಿಯನ್ನು ನೋಡುವುದು ಜಾಲರಿ ಸಂದಿಯಿಂದ, ದುಡ್ಡು ಎಣಿಸುವಷ್ಟು ಹೊತ್ತು. ಆ ಬೈಕಿನವರನ್ನು ತಡೆಯಲು ಇರುವುದು ಪೊಲೀಸರ ಊದಿಸುವ ಮೀಟರ್ ಒಂದೇ. ಅದು ಶನಿವಾರ ರಾತ್ರಿ ಬೆಂಗಳೂರಿನ ಫ್ಲೈಓವರ್ ಕೆಳಗೆ ಸಿಗುತ್ತದೆ. ಸಂಜೆ ಏಳಕ್ಕೆ ಊರಿನಿಂದ ಹಳ್ಳಿಗೆ ಹೋಗುವ ರಸ್ತೆಯಲ್ಲಿ ನಿಲ್ಲುವುದು ಅಪರೂಪ.